ಮಡಚಿಟ್ಟ ಬಲೆ

16 ಫೆಬ್ರುವರಿ 2025, ಭಾನುವಾರ
ಐರೋಳಿ, ನವಿ ಮುಂಬಯಿ

ಎಷ್ಟು ತೊಳೆದರೂ ಕೈಯಿಂದ ಕೆಸರಿನ ವಾಸನೆ ಹೋಗುತ್ತಿಲ್ಲ. ಖಾಡಿಯ (ಸಮುದ್ರದ ಹಿನ್ನೀರಿನ) ದಡದಲ್ಲಿ ಕಸ ಹೆಕ್ಕಿ ತುಂಬಿದ ಚೀಲಗಳನ್ನೆಲ್ಲ, ಒಂದು ಬಲೆ ಹುಡುಕಲು ಸುರಿದು ಇನ್ನೊಮ್ಮೆ ತುಂಬಿದೆವು.

ಕಾಂಡ್ಲಾ (ಮ್ಯಾಂಗ್ರೋವ್) ಗಿಡದ, ಕೆಸರಿನಿಂದ ಮೇಲೆದ್ದ ಉಸಿರುಬೇರಿಗೆ ಸಿಕ್ಕಿದ ಪ್ಲಾಸ್ಟಿಕ್ಕನ್ನು ಎಳೆಯಬಾರದು, ಬಿಡಿಸಬೇಕು, ಆಗದಿದ್ದರೆ ಕತ್ತರಿಸಬೇಕು. ಸಸಿಗಳನ್ನು ತುಳಿಯಬಾರದು. ಫೋಟೊಗಾಗಿ ಫ್ಲೆಮಿಂಗೊಗಳನ್ನು ಎಬ್ಬಿಸಬಾರದು. ಹೊಸಬರಿಗೆ ಇದನ್ನೆಲ್ಲ ಹೇಳಿದವಳು ನಾನೇ. ದಡದಲ್ಲಿರುವ ವಸ್ತು ಯಾರದ್ದೆಂದು ಕೇಳಿ ಮುಟ್ಟಿ ಎಂದು ಮಾತ್ರ ಹೇಳಲಿಲ್ಲ.

ನಮ್ಮ ಧಾರವಾಡದ ಹುಡುಗಿ ಒಂದು ಬಲೆಯನ್ನು ಚೀಲಕ್ಕೆ ಹಾಕಿದ್ದಳು. "ಅಕ್ಕಾ, ಅದು ಹರಿದಿತ್ತು. ಬಿಟ್ಟುಹೋದ ಬಲೆಗೆ ಏಡಿ, ಹಕ್ಕಿ ಸಿಕ್ಕಿ ಸಾಯುತ್ತವೆ ಎಂದು ನೀವೇ ಹೇಳಿದ್ದಿರಿ" ಎಂದಳು. ನಿಜ, ಹೇಳಿದ್ದೆ. ಆದರೆ ಈ ಬಲೆಯನ್ನು ಮಡಚಿ, ಮೇಲೆ ಕಲ್ಲು ಇಟ್ಟಿದ್ದರು. ಕುಂದಾಪುರದಲ್ಲಿ ಅಜ್ಜ ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣು ಹೆಣೆಯುತ್ತಿದ್ದುದನ್ನು ನೋಡುತ್ತಲೇ ಬೆಳೆದವಳು ನಾನು. ನನಗಾದರೂ ಗೊತ್ತಾಗಬೇಕಿತ್ತು.

ಬಲೆ ಕೊನೆಗೆ ಸಿಕ್ಕಿತು. ಅದು ಕೋಳಿವಾಡದ, ಅಂದರೆ ಮೀನುಗಾರರ ಕೇರಿಯ, ಮಾವ್ಶಿಯದು (ಮರಾಠಿಯಲ್ಲಿ ಚಿಕ್ಕಮ್ಮ). ಅವರು ಬೈಯಲಿಲ್ಲ. ಅದನ್ನು ಮಡಿಲಲ್ಲಿ ಹರಡಿಕೊಂಡು, "ನಿಮ್ಮನ್ನು ಇಲ್ಲಿಗೆ ಕರೆದವರು ಯಾರು?" ಎಂದು ಮರಾಠಿಯಲ್ಲಿ ಕೇಳಿದರು. ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಹಾಗಾಗಿ ಸ್ವಚ್ಛವಾಗಿರಬೇಕಲ್ಲವೇ ಎಂದು ಏನೇನೋ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಬಲೆ ಎಳೆದರೆ ಮೀನಿನ ಜೊತೆ ಪ್ಲಾಸ್ಟಿಕ್ ಚೀಲಗಳೂ ಬರುತ್ತವೆ. ದಿನಾ ಬಿಡಿಸುವವರು ನಾವೇ. ನೀವು ಭಾನುವಾರ ಬರುತ್ತೀರಿ. ಬನ್ನಿ, ಬೇಡ ಎನ್ನುವುದಿಲ್ಲ. ಮೊದಲು ನಮ್ಮ ಬಾಗಿಲಿಗೆ ಬಂದು ಹೇಳಿ."

ಎರಡು ವರ್ಷದಿಂದ ಹೋಗುತ್ತಿದ್ದೇನೆ. ಅವರ ಬಾಗಿಲು ಯಾವುದೆಂದು ಇಂದು ತಿಳಿಯಿತು. ಅವರು ದಿನವೂ ಮಾಡುವ ಕೆಲಸವನ್ನು ನಮ್ಮ ವರದಿಗಳಲ್ಲಿ ಒಮ್ಮೆಯೂ ಬರೆದಿಲ್ಲ. ಎಷ್ಟು ಕಿಲೋ ಕಸ ಎತ್ತಿದೆವು ಎಂಬುದನ್ನಂತೂ ತಪ್ಪದೆ ಬರೆದಿದ್ದೇನೆ.

ಹುಡುಗಿ ರಿಕ್ಷಾದಲ್ಲಿ ಅತ್ತಳು. ಇನ್ನು ಬರುವುದಿಲ್ಲವೇನೋ ಎಂದು ಹೆದರಿದ್ದೆ. ಈಗಷ್ಟೇ ಮೆಸೇಜ್ ಬಂತು: "ಅಕ್ಕಾ, ಬಲೆ ಹೆಣೆಯುವುದನ್ನು ಮಾವ್ಶಿ ನನಗೆ ಕಲಿಸುತ್ತಾರಾ?"

ಮುಂದಿನ ಭಾನುವಾರ ನೀರು ಇಳಿಯುವುದು ಮಧ್ಯಾಹ್ನದ ಮೇಲೆ. ಆ ಬಿಸಿಲಿಗೆ ಎಷ್ಟು ಜನ ಬರುತ್ತಾರೋ. ಅಷ್ಟು ಹೊತ್ತಿಗೆ ಮಾವ್ಶಿ ಮೀನು ಮಾರಿ ಮನೆಗೆ ಬಂದಿರುತ್ತಾರೆಯೇ, ಇಲ್ಲ ಊಟ ಮಾಡಿ ಮಲಗಿರುತ್ತಾರೆಯೇ, ಕೇಳಿಯೇ ಬರಬೇಕಿತ್ತು