ಯಾವ ವರಸೆಯಲ್ಲಿ ಕರೆಯಲಿ?

"ನೀವು ನನ್ನ ಅಮ್ಮನಿಗಿಂತ ದೊಡ್ಡವರೋ, ಚಿಕ್ಕವರೋ?"

ವಿಯೆಟ್ನಾಮಿನ ಡಾ ನಾಂಗ್ ಊರು ತೋರಿಸುವ ವ್ಯಾನಿನೊಳಗೆ ನಾನಿನ್ನೂ ಕೂತಿರಲಿಲ್ಲ, ಒಂದು ಕಾಲು ಮೆಟ್ಟಿಲ ಮೇಲೇ ಇತ್ತು. ಗೈಡ್ ಹುಡುಗಿ ನನ್ನ ಹೆಸರು ಕೇಳಲಿಲ್ಲ, ಯಾವ ದೇಶ ಎಂದು ಕೇಳಲಿಲ್ಲ, ಇದನ್ನು ಕೇಳಿದಳು. ಮೈಸೂರಿಗೆ ಮರಳಿ ನಾಲ್ಕು ದಿನವಾಯಿತು. ಬಟ್ಟೆಯೆಲ್ಲ ಒಗೆದು ಮಡಚಿಟ್ಟಾಯಿತು, ತಂದ ಕಾಫಿಪುಡಿಯನ್ನು ಅಕ್ಕಪಕ್ಕದವರಿಗೆ ಹಂಚಿಯಾಯಿತು. ಈ ಪ್ರಶ್ನೆಯೊಂದು ಮಾತ್ರ ಕಿವಿಯಿಂದ ಇಳಿದಿಲ್ಲ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಜನ್ಮದಿನಾಂಕದ ಖಾನೆಯನ್ನು ದಿನಕ್ಕೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಯಾರನ್ನೂ ಬಾಯಿಬಿಟ್ಟು ಕೇಳಿದವಳಲ್ಲ, ಯಾರಿಗೂ ಬಾಯಿಬಿಟ್ಟು ಹೇಳಿದವಳೂ ಅಲ್ಲ. ಇಲ್ಲಿ ನೋಡಿದರೆ ಆಸ್ಟ್ರೇಲಿಯಾದ ದಂಪತಿ, ಇಬ್ಬರು ಕೊರಿಯನ್ ಹುಡುಗಿಯರು, ಬೆಂಗಳೂರಿನ ಒಬ್ಬ ಯುವಕ, ನಮ್ಮವರು, ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ.

"ನಿಮ್ಮ ತಾಯಿ ಯಾವ ವರ್ಷ ಹುಟ್ಟಿದ್ದು?" ಎಂದೆ, ಸ್ವಲ್ಪ ಸಮಯ ಸಿಗಲಿ ಎಂದು.

"1974. ಹುಲಿ."

"ನಾನು 1976," ಎಂದುಬಿಟ್ಟೆ.

ನಾನು ಹುಟ್ಟಿದ್ದು 1972ರಲ್ಲಿ. ನಾಲ್ಕು ವರ್ಷ ಯಾಕೆ ಕದ್ದೆ ಎಂದು ಕೇಳಬೇಡಿ. ಒಬ್ಬ ಗೈಡ್ ಹುಡುಗಿಯ ಅಮ್ಮನಿಗಿಂತ ದೊಡ್ಡವಳಾಗಲು ಆ ಕ್ಷಣಕ್ಕೆ ಮನಸ್ಸು ಒಪ್ಪಲಿಲ್ಲ, ಅಷ್ಟೇ.

ಹುಡುಗಿ ಚಪ್ಪಾಳೆ ತಟ್ಟಿದಳು. "ಡ್ರ್ಯಾಗನ್! ನೀವು ಡ್ರ್ಯಾಗನ್ ವರ್ಷದವರು!" ನಮ್ಮ ಸಂವತ್ಸರಗಳಿಗೆ ಅರವತ್ತು ಹೆಸರಿದ್ದರೆ ಅವರ ವರ್ಷಗಳಿಗೆ ಹನ್ನೆರಡು ಪ್ರಾಣಿಗಳು. ಚೀನಾದವರ ಮೊಲದ ಜಾಗದಲ್ಲಿ ವಿಯೆಟ್ನಾಮಿನವರು ಬೆಕ್ಕನ್ನು ಕೂರಿಸಿದ್ದಾರೆ, ಎತ್ತಿನ ಜಾಗಕ್ಕೆ ಎಮ್ಮೆ ಬಂದಿದೆ. ಅಷ್ಟರಲ್ಲೂ ಡ್ರ್ಯಾಗನ್ ಎಂದರೆ ಭಾರಿ ಅದೃಷ್ಟ. ಅವತ್ತು ಶನಿವಾರ. ಡಾ ನಾಂಗ್‌ನ ಡ್ರ್ಯಾಗನ್ ಸೇತುವೆ ರಾತ್ರಿ 9 ಗಂಟೆಗೆ ಬೆಂಕಿ ಉಗುಳುವುದನ್ನು ನೋಡಲೆಂದೇ ನಾವು ಹೊರಟಿದ್ದು. ವ್ಯಾನಿನೊಳಗೇ ಒಂದು ಡ್ರ್ಯಾಗನ್ ಸಿಕ್ಕ ಸಂತೋಷದಲ್ಲಿ ಆಸ್ಟ್ರೇಲಿಯಾದ ಹೆಂಗಸು ನನ್ನ ಭುಜ ತಟ್ಟಿದಳು. ನಮ್ಮವರು ಕಿಟಕಿಯಾಚೆ ಮಿ ಖೇ ಸಮುದ್ರದ ಕಡೆ ನೋಡುತ್ತಿದ್ದರು, ಪುಣ್ಯಕ್ಕೆ.

"ಹಾಗಾದರೆ ನೀವು ನನಗೆ ಕೋ," ಎಂದಳು ಹುಡುಗಿ.

ಅದಕ್ಕೆ ಮುಂಚೆ ಹೋಟೆಲಿನ ಅಂಗಳದಲ್ಲಿ ಅವಳು ನನ್ನನ್ನು ದೂರದಿಂದ "ಚಿ! ಚಿ!" ಎಂದು ಕೂಗಿ ಕರೆದಿದ್ದಳು. "ನೋಡೇ, ಊರಿಗೆ ಕಾಲಿಟ್ಟ ಎರಡನೇ ದಿನಕ್ಕೇ ನಿನಗೆ ಛೀ ಅನ್ನುತ್ತಿದ್ದಾರೆ," ಎಂದು ನಮ್ಮವರು ನಕ್ಕಿದ್ದರು. ಚಿ ಎಂದರೆ ಅಕ್ಕ. ಕೋ ಎಂದರೆ ಅತ್ತೆ, ಅಪ್ಪನ ತಂಗಿ. ಅಪ್ಪ ಅಮ್ಮನಿಗಿಂತ ದೊಡ್ಡವರಾದರೆ ಬಾಕ್. ನಾನು ಚಿ ಆಗಿದ್ದರೆ ಅವಳು ತನ್ನನ್ನು ಎಮ್ ಎಂದುಕೊಳ್ಳಬೇಕು, ಅಂದರೆ ತಂಗಿ. ನಾನು ಕೋ ಆದರೆ ಅವಳು ಕೊನ್, ಮಗು. ತೋಯ್ ಎಂಬ ಇನ್ನೊಂದು 'ನಾನು' ಇದೆಯಂತೆ, ಅದು ಭಾಷಣಕ್ಕೆ, ಅರ್ಜಿಗೆ. ಮನೆಯವರ ಹತ್ತಿರ ತೋಯ್ ಎಂದರೆ ಜಗಳ ಶುರುವಾಗಿದೆ ಎಂದು ಅರ್ಥ.

"ನಿಮ್ಮ ವಯಸ್ಸು ಗೊತ್ತಾಗದಿದ್ದರೆ ನಾನು ಯಾರು ಅಂತ ನನಗೇ ಗೊತ್ತಾಗುವುದಿಲ್ಲ," ಎಂದಳು, ಇಂಗ್ಲಿಷಿನಲ್ಲಿ, ತಮಾಷೆ ಮಾಡುವವಳ ಹಾಗೆ. ಕೊರಿಯನ್ ಹುಡುಗಿಯರು ತಲೆಯಾಡಿಸಿದರು, ಅವರ ಕಡೆಯೂ ಸುಮಾರು ಹೀಗೇ ಇರಬೇಕು. ಆಸ್ಟ್ರೇಲಿಯಾದವರಿಗೆ ಮಾತ್ರ ಇದೊಂದು ವಿಚಿತ್ರ ಆಟದಂತೆ ಕಂಡಿತು.

ಬೆಂಗಳೂರಿನ ಯುವಕನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವಿಬ್ಬರು ಮಾತನಾಡುವುದನ್ನು ಕೇಳಿಸಿಕೊಂಡು, "ಆಂಟಿ, ನೀವು ಕನ್ನಡದವರಾ?" ಎಂದ. ಪರದೇಶದಲ್ಲಿ ಕನ್ನಡ ಕೇಳಿದ ಸಂತೋಷ ಮೊದಲನೆಯ ಪದಕ್ಕೇ ಅರ್ಧ ಇಳಿಯಿತು. ಆಮೇಲೆ ಸಂಜೆಯಿಡೀ, "ಆಂಟಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೋದಲ್ಲಿ ನೀವು ಬರುತ್ತಿದ್ದೀರಿ." ಒಳ್ಳೆಯ ಹುಡುಗನೇ, ನಮ್ಮವರ ಬ್ಯಾಗನ್ನು ತಾನೇ ಹೊತ್ತ. ಆದರೆ ಅವನ ತಲೆಯಲ್ಲಿ ನನಗಿಂತ ಹೆಚ್ಚು ಬಿಳಿಕೂದಲಿದ್ದವು, ಆಣೆ ಮಾಡಿ ಹೇಳುತ್ತೇನೆ. ಈ ಹುಡುಗಿ ಕೇಳಿ ತಿಳಿದುಕೊಂಡು ಅತ್ತೆ ಎಂದಳು. ಅವನು ಕೇಳದೆಯೇ ಆಂಟಿ ಎಂದ. ಎರಡಕ್ಕೂ ನಿಘಂಟಿನಲ್ಲಿ ಒಂದೇ ಅರ್ಥ. ನನಗೆ ಮಾತ್ರ ಒಂದರಲ್ಲಿ ಮನೆಯೊಳಗೆ ಕರೆದ ಹಾಗೆ, ಇನ್ನೊಂದರಲ್ಲಿ ಪಕ್ಕಕ್ಕೆ ಸರಿಸಿದ ಹಾಗೆ ಅನ್ನಿಸುತ್ತದೆ.

ಮೊದಲು ಇಳಿದದ್ದು ಗುಲಾಬಿ ಬಣ್ಣದ ಇಗರ್ಜಿಯ ಮುಂದೆ. ಫ್ರೆಂಚರ ಕಾಲದ್ದು, 1923ರದು. ಶಿಖರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಲೋಹದ ಹುಂಜವಿದೆ, ಹಾಗಾಗಿ ಊರವರಿಗೆ ಅದು ಹುಂಜದ ಇಗರ್ಜಿ. ಅಲ್ಲಿಂದ ಹಾನ್ ನದಿಯ ದಂಡೆ ಹಿಡಿದು ನಡೆದೆವು. ಚಾಮ್ ಶಿಲ್ಪಗಳ ವಸ್ತುಸಂಗ್ರಹಾಲಯದ ಬಾಗಿಲು ಸಂಜೆಗೇ ಮುಚ್ಚಿತ್ತು. 1919ರಿಂದ ಇರುವ ಕಟ್ಟಡ, ಒಳಗೆ ಈ ಸೀಮೆಯ ಹಳೆಯ ಚಂಪಾ ರಾಜ್ಯದ ಶಿವ, ಗಣೇಶ, ಅಪ್ಸರೆಯರು. ನಮ್ಮವರು ಸರಳು ಹಿಡಿದು ಇಣುಕಿದರು, ದರ್ಶನ ತಪ್ಪಿದ ಭಕ್ತರ ಹಾಗೆ. ಚಂಪಾದ ಭದ್ರವರ್ಮನೆಂಬ ದೊರೆ 4ನೆಯ ಶತಮಾನದ ಕೊನೆಯ ಹೊತ್ತಿಗೆ ಮೀ ಸನ್ ಕಣಿವೆಯಲ್ಲಿ ಒಂದು ಲಿಂಗ ಸ್ಥಾಪಿಸಿ ಅದಕ್ಕೆ ಭದ್ರೇಶ್ವರ ಎಂದು ಹೆಸರಿಟ್ಟನಂತೆ. ದೇವರನ್ನು ಯಾವ ವರಸೆಯಲ್ಲಿ ಕರೆಯುವುದೆಂದು ತಿಳಿಯದೆ ತನ್ನ ಹೆಸರನ್ನೇ ಅಂಟಿಸಿ ನಂಟಸ್ತನ ಮಾಡಿಕೊಂಡ ಎಂದುಕೊಂಡೆ ನಾನು.

ಊಟದ ಅಂಗಡಿಯಲ್ಲಿ ನನ್ನದೊಂದು ಅವಾಂತರ. ಸಸ್ಯಾಹಾರಕ್ಕೆ ಅಲ್ಲಿ 'ಚೈ' ಎನ್ನುತ್ತಾರೆ. ಹುಡುಗಿಯ ಅಜ್ಜಿ ಅಮಾವಾಸ್ಯೆ, ಹುಣ್ಣಿಮೆಗೆ ಚೈ ಅಂತೆ, ನಮ್ಮ ಮನೆಗಳಲ್ಲಿ ಸೋಮವಾರ, ಶನಿವಾರ ಮಾಂಸ ಬಿಡುತ್ತಾರಲ್ಲ, ಹಾಗೆ. ಕಲಿತ ಪದವನ್ನು ನಾನೇ ಹೇಳಬೇಕೆಂಬ ಉತ್ಸಾಹದಲ್ಲಿ ಅಂಗಡಿಯಾಕೆಗೆ ಸ್ವರ ಏರಿಸಿ "ಚೈ!" ಎಂದೆ. ಆಕೆ ತಿರುಗಿ ಒಲೆಯ ಕಡೆ ನೋಡಿದಳು. ಸ್ವರ ಏರಿದರೆ ಅದು ಬೆಂಕಿ ಹತ್ತಿದೆ ಎಂದಾಗುತ್ತದೆ. ಸ್ವರ ಕೆಳಗೆ ಒತ್ತಿದರೆ ಓಡು ಎಂದು. ಒಟ್ಟಿನಲ್ಲಿ ತಪ್ಪು ಹೇಳಿದರೂ ಸಂದರ್ಭಕ್ಕೆ ಹೊಂದುವ ಪದವೇ.

ಬಂದದ್ದು ಬಾನ್ ಸೆಯೋ. ಅಕ್ಕಿಹಿಟ್ಟು, ಅರಿಶಿನ, ತೆಂಗಿನಹಾಲಿನ ತೆಳು ದೋಸೆ. ಮಾಮೂಲಿಗೆ ಸಿಗಡಿ, ಹಂದಿಮಾಂಸ ಹಾಕುತ್ತಾರೆ, ನಮ್ಮದಕ್ಕೆ ಅಣಬೆ ಮತ್ತು ಮೊಳಕೆಕಾಳು. ಸೆಯೋ ಎಂದರೆ ಹಿಟ್ಟು ಕಾವಲಿಗೆ ಬಿದ್ದಾಗಿನ ಸದ್ದು. ನಾವು ಚುಂಯ್ ಎನ್ನುತ್ತೇವೆ, ಆದರೆ ದೋಸೆಗೆ ಆ ಹೆಸರಿಡುವ ಬುದ್ಧಿ ನಮಗೆ ಬರಲಿಲ್ಲ. ಹುಡುಗಿ ಅದನ್ನು ಕತ್ತರಿಯಲ್ಲಿ ತುಂಡರಿಸಿ, ಅಕ್ಕಿಹಾಳೆಯ ಮೇಲಿಟ್ಟು, ಪುದೀನ, ಸೌತೆಕಾಯಿ, ಹೆಸರು ತಿಳಿಯದ ಎರಡು ಸೊಪ್ಪು ಸೇರಿಸಿ, ವೀಳ್ಯ ಮಡಿಸುವ ಹಾಗೆ ಸುತ್ತಿ ಎಲ್ಲರಿಗೂ ಒಂದೊಂದು ಕೊಟ್ಟಳು. ಮೊದಲನೆಯದು ನಮ್ಮವರಿಗೆ. ಅವರು ತಮ್ಮ ಹುಟ್ಟಿದ ವರ್ಷವನ್ನು ಸಂಕೋಚವಿಲ್ಲದೆ ಹೇಳಿ ಮೊದಲೇ ಬಾಕ್ ಆಗಿದ್ದರು.

ಸೇತುವೆಯ ಹತ್ತಿರ ಎಂಟೂವರೆಗೇ ಜಾಗ ಹಿಡಿದೆವು. ಉದ್ದ 666 ಮೀಟರ್, ಬಾಲ ವಸ್ತುಸಂಗ್ರಹಾಲಯದ ಕಡೆ, ತಲೆ ಸಮುದ್ರದ ಕಡೆ. ಬಣ್ಣ ಹಳದಿಯಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ತಿರುಗುತ್ತಿತ್ತು. ಸೇತುವೆ ತೆರೆದದ್ದು 2013ರ ಮಾರ್ಚ್ 29ರಂದು ಎಂದಳು ಹುಡುಗಿ. ವಿಯೆಟ್ನಾಂ ಯುದ್ಧದ ಕೊನೆಯ ಹೊತ್ತಿಗೆ, 1975ರ ಮಾರ್ಚ್ 29ರಂದು, ಉತ್ತರ ವಿಯೆಟ್ನಾಮಿನ ಸೇನೆ ಈ ಊರನ್ನು ಹಿಡಿದಿತ್ತು. ಆ ದಿನಗಳಲ್ಲಿ ಅವಳ ಅಜ್ಜಿ ಕೈಗೂಸನ್ನು ಎತ್ತಿಕೊಂಡು ನದಿದಂಡೆಗೆ ಓಡಿ ಬಂದಿದ್ದಳಂತೆ. ದೋಣಿಗಳ ಮೇಲೆ ಜನ ಇರುವೆ ಮುತ್ತಿದ ಹಾಗೆ. ಹತ್ತಲಾಗಲಿಲ್ಲ. ಒಂದು ಚಪ್ಪಲಿ ಕಳೆದುಕೊಂಡು ಮನೆಗೆ ವಾಪಸಾದಳು. ಆ ಕೈಗೂಸೇ 1974ರ ಹುಲಿ.

"ಅಜ್ಜಿ ದೋಣಿ ಹತ್ತಿಬಿಟ್ಟಿದ್ದರೆ ನಾನು ಅಮೆರಿಕದಲ್ಲೆಲ್ಲೋ ಹುಟ್ಟಿರುತ್ತಿದ್ದೆ," ಎಂದಳು. "ಆಗ ನಿಮ್ಮನ್ನು ಬರೀ 'ಯೂ' ಅನ್ನುತ್ತಿದ್ದೆ. ಏನೂ ಕೇಳಬೇಕಾಗಿರಲಿಲ್ಲ."

ಆಸ್ಟ್ರೇಲಿಯಾದ ಗಂಡ ನೀರಿನ ಕಡೆ ನೋಡುತ್ತ ನಿಂತ. ಅವರ ದೇಶವೂ ಈ ಯುದ್ಧಕ್ಕೆ ಸೈನಿಕರನ್ನು ಕಳಿಸಿತ್ತು. ಸಂಜೆಯಿಡೀ ಬಾಯಿ ಮುಚ್ಚದವನು ಆಮೇಲೆ ಹೆಚ್ಚು ಮಾತನಾಡಲಿಲ್ಲ, ಅದಕ್ಕೆ ಅವನ ಮೇಲೆ ಗೌರವ ಬಂತು.

9ಕ್ಕೆ ಐದು ನಿಮಿಷವಿದ್ದಾಗ ಅವಳು ನನ್ನ ಕೈಹಿಡಿದು ಮುಂದಕ್ಕೆ ಕರೆದಳು. "ಕೋ ಎದುರಿಗೇ ನಿಲ್ಲಬೇಕು, ಇದು ನಿಮ್ಮದೇ ಡ್ರ್ಯಾಗನ್."

"ಇವಳು ಡ್ರ್ಯಾಗನ್ ಹೇಗಾಗುತ್ತಾಳೆ?" ಎಂದರು ನಮ್ಮವರು. ನಿವೃತ್ತ ಗಣಿತದ ಮೇಷ್ಟರು. ದಾರಿಯುದ್ದಕ್ಕೂ ಹನ್ನೆರಡರ ಮಗ್ಗಿಯನ್ನು ಮನಸ್ಸಿನಲ್ಲಿ ಆಡಿಸುತ್ತಲೇ ಇದ್ದರೆಂದು ಕಾಣುತ್ತದೆ. "ಇವಳು 1972."

ಅವರಲ್ಲಿ ಕೇಡಿಲ್ಲ. ತಪ್ಪು ಲೆಕ್ಕ ಕಂಡರೆ ತಿದ್ದದೆ ನಿದ್ದೆ ಬಾರದ ಜಾತಿ.

ಹುಡುಗಿ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದಳು, ನಮ್ಮ ಅಜ್ಜಿ ತಿಥಿ ಎಣಿಸುತ್ತಿದ್ದ ಹಾಗೇ. ನಿಂತ ಗೆಣ್ಣನ್ನೊಮ್ಮೆ ನೋಡಿ, ನನ್ನನ್ನು ನೋಡಿ, ಮೆಲ್ಲಗೆ "ಇಲಿ" ಎಂದಳು.

ಅಷ್ಟರಲ್ಲಿ ಬೆಂಕಿ ಬಂತು. ಭುಸ್ಸೆಂದು ಒಂದು ಉಂಡೆ, ಮುಖಕ್ಕೆ ಬಿಸಿ ಬಡಿಯಿತು. ಮತ್ತೊಂದು, ಇನ್ನೊಂದು. ಮೊಬೈಲುಗಳೆಲ್ಲ ಮೇಲೆದ್ದವು. ನನ್ನ ಮುಖ ಕೆಂಪಾಗಿದ್ದರೆ ಅದಕ್ಕೊಂದು ಕಾರಣ ಸಿಕ್ಕಿತಲ್ಲ ಎಂದು ಆ ಯಂತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಬೆಂಕಿಯ ನಂತರ ಅದೇ ಬಾಯಿಂದ ನೀರು. ಗಾಳಿ ನಮ್ಮ ಕಡೆಗೇ ಇತ್ತು. ಹುಡುಗಿ ತನ್ನ ಪ್ಲಾಸ್ಟಿಕ್ ಮಳೆಯಂಗಿಯನ್ನು ಕಳಚಿ ನನ್ನ ತಲೆಗೆ ಹಾಕಿ, ಗುಂಡಿ ಹಾಕಿ, "ಬಾಕ್ ನೆನೆಯಬಾರದು," ಎಂದಳು. ಅವಳು ತೊಯ್ದು ತೊಪ್ಪೆಯಾದಳು. ಅಷ್ಟೇ ಹೊತ್ತಿನಲ್ಲಿ ನನ್ನ ದರ್ಜೆ ಬದಲಾಗಿತ್ತು, ನಾಲ್ಕು ವರ್ಷಕ್ಕೆ ಒಂದು ಮಳೆಯಂಗಿ. ಸುಳ್ಳಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು:

"ಬಾಕ್ ಆದದ್ದೇ ಒಳ್ಳೆಯದಾಯಿತು. ಕೋ ಆದರೆ ನನ್ನ ಅಮ್ಮನ ಮಾತು ಕೇಳಬೇಕಾಗುತ್ತದೆ. ಬಾಕ್ ಅಮ್ಮನಿಗೇ ಬುದ್ಧಿ ಹೇಳಬಹುದು. ದಿನಾ ಮದುವೆ ಮದುವೆ ಅಂತ ಪ್ರಾಣ ತಿನ್ನುತ್ತಾಳೆ."

ಹಾಸನದ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಅಜ್ಜಿಯೂ ಹೀಗೇ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಊರು, ಮನೆ, ಕೊಟ್ಟ ಮನೆ, ತಂದ ಮನೆ ಎಲ್ಲ ವಿಚಾರಿಸಿ ಮುಂದಿನ ಸ್ಟಾಪಿನೊಳಗೆ ವರಸೆ ಹಿಡಿಯುತ್ತಿದ್ದಳು. "ಹಾಗಾದರೆ ನೀನು ನನಗೆ ಸೊಸೆಯಾಗಬೇಕು ಬಿಡು." ಇದನ್ನು ಆ ಹುಡುಗಿಗೆ ಹೆಮ್ಮೆಯಿಂದ ಹೇಳಿದೆ. ಹೋಟೆಲಿಗೆ ಮರಳುವಾಗ ನೆನಪಾದದ್ದು ಬೇರೆ. ಅಜ್ಜಿಯ ಮೊದಲ ಪ್ರಶ್ನೆ ವಯಸ್ಸಿನದಾಗಿರಲಿಲ್ಲ. "ಯಾರ ಪೈಕಿ?" ಎನ್ನುವುದಾಗಿತ್ತು. ಆ ಉತ್ತರ ಸರಿಬರದಿದ್ದರೆ ಅಜ್ಜಿ ಕಿಟಕಿಯಾಚೆ ತಿರುಗುತ್ತಿದ್ದಳು, ವರಸೆಯ ಮಾತೇ ಇಲ್ಲ. ನಾನು ಚಿಕ್ಕವಳಾಗಿ ಪಕ್ಕದಲ್ಲೇ ಕೂತು ಇದನ್ನು ನೋಡಿದ್ದೇನೆ. ಆ ಹೆಂಗಸರು ಸೀರೆಯ ಸೆರಗನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದದ್ದೂ ಕಂಡಿದೆ.

ಈ ಮಾತು ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಸೋಮವಾರ ಬೆಳಿಗ್ಗೆ ನಮ್ಮ ಮನೆಕೆಲಸದವಳು ಬಂದಳು. ಹನ್ನೊಂದು ವರ್ಷದಿಂದ ಬರುತ್ತಾಳೆ. ನಾನು ಹೆಸರು ಹಿಡಿದು ಕರೆಯುತ್ತೇನೆ, ನೀನು ಎನ್ನುತ್ತೇನೆ. ಅವಳು ನನ್ನನ್ನು ಅಮ್ಮಾ ಎನ್ನುತ್ತಾಳೆ, ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ಅವಳು ನನಗಿಂತ ದೊಡ್ಡವಳೋ ಚಿಕ್ಕವಳೋ ಎಂದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಕೌಂಟರಿನಲ್ಲಿ ನಾನೇ ಅವಳ ಖಾತೆ ತೆರೆಸಿದ್ದೇನೆ. ಅರ್ಜಿಯಲ್ಲಿ ಜನ್ಮದಿನಾಂಕ ಜನವರಿ 1 ಎಂದಿತ್ತು, ದಿನಾಂಕ ತಿಳಿಯದ ಎಲ್ಲರದೂ ಹಾಗೆಯೇ ಇರುತ್ತದೆ. ವರ್ಷವನ್ನು ನೋಡಿದ್ದೇನೆ, ನೆನಪಿಲ್ಲ.

ಮೂರು ದಿನ ಸುಮ್ಮನಿದ್ದು ಇವತ್ತು ಕೇಳಿದೆ. "ನೀನು ಹುಟ್ಟಿದ್ದು ಯಾವ ವರ್ಷ?"

ಅವಳು ನೆಲ ಒರೆಸುವುದನ್ನು ನಿಲ್ಲಿಸಲಿಲ್ಲ. "ಯಾರಿಗೆ ಗೊತ್ತಮ್ಮಾ. ಇಂದಿರಮ್ಮ ಸತ್ತ ವರ್ಷ ನನ್ನ ಮದುವೆ. ಆಗ ನನಗೆ ಹದಿನಾರೋ ಹದಿನೇಳೋ."

1984ರಲ್ಲಿ ನಾನು ಆರನೇ ತರಗತಿ. ಲೆಕ್ಕ ಹಾಕಲು ಮೇಷ್ಟರು ಬೇಕಾಗಲಿಲ್ಲ. ನಾಲ್ಕೈದು ವರ್ಷಕ್ಕೆ ದೊಡ್ಡವಳು. ಅಕ್ಕ ಎಂಬ ಪದ ಗಂಟಲವರೆಗೆ ಬಂದು ನಿಂತಿತು. ಅದನ್ನು ಹೇಳಿದರೆ ನಾಳೆಯಿಂದ ಅವಳ ಕಾಫಿಯ ಬೇರೆ ಲೋಟವನ್ನು ಏನು ಮಾಡುವುದು, ಅವಳು ಎಲ್ಲಿ ಕೂರುವುದು ಎಂಬ ಹತ್ತು ಪ್ರಶ್ನೆಗಳು ಅದರ ಹಿಂದೆಯೇ ಸಾಲುಗಟ್ಟಿ ಬಂದವು.

ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ತಲೆಯೆತ್ತಿದಳು. ಕಣ್ಣಿನಲ್ಲಿ ಒಂದು ಆಸೆ.

"ಯಾಕಮ್ಮಾ ಕೇಳಿದಿರಿ? ವೃದ್ಧಾಪ್ಯ ವೇತನ ಏನಾದರೂ ಮಾಡಿಸಿಕೊಡುತ್ತೀರಾ?"