ಕುರ್ಚಿ ಅಲ್ಲೇ ಇದೆ
ಇವತ್ತು ಮೀಟಿಂಗ್ ಬೇಗ ಮುಗಿಯಿತು. ಮುಂದಿನದಕ್ಕೆ ಇನ್ನೂ 12 ನಿಮಿಷ. ಆಫೀಸಿನ ಮೀಟಿಂಗ್, ಚಾಟ್ ನಡೆಯುವ ಮೈಕ್ರೋಸಾಫ್ಟ್ ಟೀಮ್ಸ್ ಒಳಗೇ ವಿವಾ ಲರ್ನಿಂಗ್ ಅನ್ನೋ ಕಲಿಕೆಯ ಆ್ಯಪ್ ತೆರೆದು, ಎಕ್ಸೆಲ್ ಪಿವಟ್ ಟೇಬಲ್ (ಉದ್ದದ ಪಟ್ಟಿಯನ್ನು ತಾನೇ ಗುಂಪು ಮಾಡಿ ಮೊತ್ತ ಕೂಡಿಕೊಡುವ ಕೋಷ್ಟಕ) ಪಾಠ ಹಾಕಿದೆ.

ಪಕ್ಕದ ಸೀಟಿನ ಅಕ್ಕ ಕುರ್ಚಿ ಎಳೆದುಕೊಂಡು ಬಂದರು. ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ. ಟೀ ಬಿಲ್ಲಿನ ಹಿಂದೆ ನೀಲಿ ಪೆನ್ನಿನಲ್ಲಿ, ಕನ್ನಡದಲ್ಲೇ ಬರೆದುಕೊಂಡರು: ‘ಹೆಸರು ಸಾಲಿಗೆ, ಮೊತ್ತ ಕೊನೆಗೆ.’

‘ಇಷ್ಟು ಸುಲಭನಾ? ಇಷ್ಟು ವರ್ಷ ಒಂದೊಂದಾಗಿ ಕೂಡ್ತಿದ್ನಲ್ಲ!’

2021ರಲ್ಲಿ ಮೈಕ್ರೋಸಾಫ್ಟ್ ಈ ವಿವಾ ಲರ್ನಿಂಗನ್ನು ಪ್ರಕಟಿಸಿದಾಗ, ಆನ್‌ಲೈನ್ ಕೋರ್ಸ್ ಕೊಡುವ ಕೋರ್ಸೆರಾ, ಸ್ಕಿಲ್‌ಸಾಫ್ಟ್‌ನಂಥವರೂ ಕೈಜೋಡಿಸಿದ್ದರು. ಪಾಠ ಕೊಡುವ ಲಿಂಕ್ಡ್‌ಇನ್ ಅಂತೂ ಮೈಕ್ರೋಸಾಫ್ಟಿನದ್ದೇ. ಕೆಲಸ ಮಾಡುವ ಜಾಗಕ್ಕೇ ಪಾಠ ಬಂತು, ಒಳ್ಳೆಯದೇ. ಆದರೆ ಕಲಿಯೋಕೆ ದಿನದಲ್ಲಿ ಅರ್ಧ ಗಂಟೆಯನ್ನೂ ಯಾರಾದರೂ ಕೊಡಬೇಕು ಅಲ್ವಾ? ಇವತ್ತು ಸಿಕ್ಕಿದ್ದು ಸುಮ್ನೆ ಅದೃಷ್ಟ.

ಅಕ್ಕ ಮನೆಗೆ ಹೋದರು. ಕುರ್ಚಿ ಮಾತ್ರ ನನ್ನ ಪಕ್ಕದಲ್ಲೇ ಬಿಟ್ಟಿದ್ದಾರೆ.