ಮಳೆಮಾಪಕದ ಸೀರಿಯಲ್ ಪೋರ್ಟ್ ಪ್ರೋಗ್ರಾಂ: ಅರವತ್ತೊಂದು ಎಚ್ಚರಿಕೆಗಳ ಕೆಲಸ

ಕೊಡವರ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಎಂಟೂವರೆಗೆ ಅಪ್ಪ ಅಂಗಳದ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ತೋಟದ ಪುಸ್ತಕದಲ್ಲಿ 4 ಇಂಚು 12 ಸೆಂಟ್ (ಒಂದು ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ) ಎಂದು ಬರೆದರು. ಅದೇ ಹೊತ್ತಿಗೆ ನಾನು ನಿರ್ಮಿಸಿದ ಯಂತ್ರದ ಪರದೆಯಲ್ಲಿ ದಿನದ ಮಳೆ 2.2 ಮಿಲಿಮೀಟರ್ ಎಂದಿತ್ತು. ಒಂದು ಇಂಚಿಗೆ 25.4 ಮಿಲಿಮೀಟರ್ ಲೆಕ್ಕದಲ್ಲಿ ಅಪ್ಪನ ಅಳತೆ ಸುಮಾರು 104.6 ಮಿಲಿಮೀಟರ್ ಆಗುತ್ತದೆ. ನಮ್ಮ ತೋಟ ಕೊಡಗಿನ ನಾಪೋಕ್ಲುವಿನ ಕಡೆಯದು. ಅಂಥ ಮಳೆ ಇಲ್ಲಿ ಕಕ್ಕಡದಲ್ಲಿ ಅಪರೂಪವಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಹೂಮಳೆಯ (ಕಾಫಿ ಗಿಡಗಳನ್ನು ಹೂಬಿಡಿಸುವ ಮಳೆಯ) ಕಾಲದುದ್ದಕ್ಕೂ, ಅಪ್ಪನ ಪುಸ್ತಕಕ್ಕೆ ಒಂದೆರಡು ಸೆಂಟ್‌ಗಳ ವ್ಯತ್ಯಾಸದೊಳಗೇ ಹೊಂದಿಕೊಂಡಿದ್ದ ಯಂತ್ರ ಇಷ್ಟು ದೊಡ್ಡ ತಪ್ಪು ಮಾಡಿದ್ದೇಕೆ ಎಂದು ಹುಡುಕಿದ ಎರಡು ವಾರಗಳ ಕೆಲಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ವ್ಯವಸ್ಥೆಯ ಪರಿಚಯ. ತೋಟದ ಮೇಲಿನ ಬಾಣೆಯಲ್ಲಿ (ಎತ್ತರದ ಜಮೀನಿನಲ್ಲಿ) ತೊಟ್ಟಿ ಮಗುಚುವ ಬಗೆಯ ಮಳೆಮಾಪಕವಿದ್ದು, 0.2 ಮಿಲಿಮೀಟರ್ ಮಳೆಗೆ ಅದರ ಪುಟ್ಟ ತೊಟ್ಟಿ ಒಮ್ಮೆ ಮಗುಚುತ್ತದೆ. ಅಲ್ಲಿರುವ ಆರ್ಡುಯಿನೋ ಊನೋ ಎಂಬ ಚಿಕ್ಕ ನಿಯಂತ್ರಕ ಬೋರ್ಡ್ ಅದನ್ನು ಎಣಿಸಿ, 20 ಸೆಕೆಂಡಿಗೊಮ್ಮೆ ಎಂಟು ಬೈಟ್‌ಗಳ ಒಂದು ಸಂದೇಶವನ್ನು ಆರ್‌ಎಸ್-485 ತಂತಿಯ ಮೂಲಕ ಮನೆಗೆ ಕಳುಹಿಸುತ್ತದೆ. ಮನೆಯಲ್ಲಿ ಯುಎಸ್‌ಬಿ ಪರಿವರ್ತಕದ ಮೂಲಕ ರಾಸ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್ ಅದನ್ನು ಓದುತ್ತದೆ. ಓದುವ ಪ್ರೋಗ್ರಾಂ ಸಿ ಭಾಷೆಯದು; ನಾನೇ ಬರೆದದ್ದು.

ಮೊದಲ ಸಂಜೆ, ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಬದಲಿಸುವ ಜಿಸಿಸಿ ಕಂಪೈಲರ್‌ಗೆ ಡಬ್ಲ್ಯು-ಕನ್ವರ್ಷನ್ ಆಯ್ಕೆಯನ್ನು ಕೊಟ್ಟೆ. ಸಿ ಭಾಷೆಯಲ್ಲಿ ಈ ಒಂದು ಆಯ್ಕೆ ಎರಡು ಬಗೆಯ ಎಚ್ಚರಿಕೆಗಳನ್ನೂ ತರುತ್ತದೆ: ದೊಡ್ಡ ಪೂರ್ಣಾಂಕವನ್ನು ಚಿಕ್ಕದರಲ್ಲಿ ತುಂಬಿದಾಗ ಬೆಲೆ ಕೆಡಬಹುದೆಂಬುದು ಒಂದು, ಚಿಹ್ನೆಯುಳ್ಳ (ಋಣ ಬೆಲೆಯನ್ನೂ ಹಿಡಿಯುವ) ಪೂರ್ಣಾಂಕ ಚಿಹ್ನೆಯಿಲ್ಲದ್ದಾಗಿ ಬದಲಾಗುತ್ತಿದೆ ಎಂಬುದು ಇನ್ನೊಂದು. ಒಟ್ಟು 38 ಎಚ್ಚರಿಕೆಗಳು ಬಂದವು. ಅವುಗಳಲ್ಲಿ ದಿನದ ಮೊತ್ತ ಲೆಕ್ಕಹಾಕುವ ಸಾಲು ಇರಲೇ ಇಲ್ಲ. ಆ ಸಾಲನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು: ಮಾರ್ಚ್‌ನಲ್ಲಿ ಇದೇ ಎಚ್ಚರಿಕೆ ಒಮ್ಮೆ ಬಂದಿದ್ದಾಗ, ಅದರ ಅರ್ಥವನ್ನು ಯೋಚಿಸದೆ ಒಂದು ಕಾಸ್ಟ್ (ಬೆಲೆಯ ಬಗೆಯನ್ನು ಬಲವಂತವಾಗಿ ಬದಲಿಸುವ ಆದೇಶ) ಹಾಕಿ ಅದರ ಬಾಯಿ ಮುಚ್ಚಿಸಿದ್ದೆ. ಈಗಿನ ಎಣಿಕೆಯಿಂದ ಬೆಳಗಿನ ಎಣಿಕೆಯನ್ನು ಕಳೆದು, ಬಂದ ಉತ್ತರವನ್ನು ಚಿಹ್ನೆಯಿಲ್ಲದ 8 ಬಿಟ್‌ಗಳಿಗೆ ಕತ್ತರಿಸುವ ಕಾಸ್ಟ್ ಅದು. ಮೊದಲ ಆವೃತ್ತಿಯಲ್ಲಿ ಬಾಣೆಯ ಎಣಿಕೆಯೇ 8 ಬಿಟ್‌ನದಾಗಿತ್ತು. ಆಮೇಲೆ ಅದನ್ನು 16 ಬಿಟ್‌ಗೆ ಹಿಗ್ಗಿಸಿದರೂ ಮನೆಯ ಕಡೆಯ ಈ ಒಂದು ಸಾಲು ಹಾಗೆಯೇ ಉಳಿದಿತ್ತು.

ಲೆಕ್ಕ ಸ್ಪಷ್ಟವಾಗಿದೆ. 8 ಬಿಟ್‌ಗಳಲ್ಲಿ ಸೊನ್ನೆಯಿಂದ 255ರವರೆಗೆ ಮಾತ್ರ ಹಿಡಿಸುತ್ತದೆ; 256 ಆದೊಡನೆ ಅದು ಸೊನ್ನೆಗೆ ಮರಳುತ್ತದೆ. 104.6 ಮಿಲಿಮೀಟರ್ ಎಂದರೆ 523 ಮಗುಚುವಿಕೆಗಳು. 523ರಿಂದ 256ನ್ನು ಎರಡು ಸಲ ಕಳೆದರೆ ಉಳಿಯುವುದು 11, ಅದನ್ನು 0.2ರಿಂದ ಗುಣಿಸಿದರೆ 2.2. ದಿನಕ್ಕೆ 51.2 ಮಿಲಿಮೀಟರ್ ತಲುಪುವವರೆಗೆ, ಅಂದರೆ ಎರಡು ಇಂಚು ಚಿಲ್ಲರೆಯವರೆಗೆ, ಈ ದೋಷ ಕಾಣಿಸಿಕೊಳ್ಳಲು ಅವಕಾಶವೇ ಇಲ್ಲ. ನಮ್ಮಲ್ಲಿ ಬಿದ್ದ ಯಾವ ಹೂಮಳೆಯೂ ಒಂದೇ ದಿನದಲ್ಲಿ ಅಷ್ಟು ಬಂದಿರಲಿಲ್ಲ.

ಎರಡನೆಯ ದಿನ ನಾನು ಹಾಕಿದ್ದ ಕಾಸ್ಟ್‌ಗಳನ್ನೆಲ್ಲ ಕಿತ್ತು ಹಾಕಿದೆ. ಎಚ್ಚರಿಕೆಗಳು 38ರಿಂದ 61ಕ್ಕೆ ಏರಿದವು. ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ಓದಿ, ಆ ಸಾಲಿನಲ್ಲಿ ಬರಬಹುದಾದ ಅತಿ ದೊಡ್ಡ ಮತ್ತು ಅತಿ ಚಿಕ್ಕ ಬೆಲೆಗಳನ್ನು ಕಾಗದದ ಮೇಲೆ ಬರೆದ ನಂತರವೇ ತಿದ್ದಬೇಕೆಂದು ನಿಯಮ ಮಾಡಿಕೊಂಡೆ. ಇದು ನಿಧಾನದ ಕೆಲಸ, ಆದರೆ ಬೇರೆ ದಾರಿಯನ್ನು ನಾನು ನಂಬುವುದಿಲ್ಲ.

ಮುಂದೆ ಸಿಕ್ಕಿದ್ದು ತಂತಿಯಿಂದ ಬಂದ ಬೈಟ್‌ಗಳನ್ನು ಓದುವ ರೀಡ್ ಕರೆಯ ಸಾಲು. ಎಷ್ಟು ಬೈಟ್ ಬಂದವು ಎಂದು ಹೇಳಲು ರೀಡ್ ಮರಳಿಸುವುದು ಚಿಹ್ನೆಯುಳ್ಳ ಪೂರ್ಣಾಂಕ. ದೋಷವಾದರೆ ಅದು -1 ಆಗಿರುತ್ತದೆ. ನಾನು ಅದನ್ನು ಚಿಹ್ನೆಯಿಲ್ಲದ ಸೈಜ್-ಟಿ ವೇರಿಯಬಲ್‌ನಲ್ಲಿ ಇಟ್ಟು, ಕೆಳಗಿನ ಸಾಲಿನಲ್ಲಿ ಸೊನ್ನೆಗಿಂತ ಕಡಿಮೆಯೇ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಹೌದೆಂಬ ಉತ್ತರ ಎಂದಿಗೂ ಬರುವುದಿಲ್ಲ, ಏಕೆಂದರೆ 64 ಬಿಟ್ ವ್ಯವಸ್ಥೆಯಲ್ಲಿ -1 ಎಂಬುದು 18446744073709551615 ಆಗಿಬಿಟ್ಟಿರುತ್ತದೆ, ಮತ್ತು ಅಷ್ಟು ಬೈಟ್‌ಗಳು ಬಂದಿವೆ ಎಂದು ನಂಬಿದ ಲೂಪ್ ಎಂಟು ಬೈಟ್‌ಗಳ ಬಫರ್ (ಬಂದ ಬೈಟ್‌ಗಳನ್ನು ಇಡುವ ಜಾಗ) ದಾಟಿ ಓಡುತ್ತದೆ. ಗುಡುಗಿನ ರಾತ್ರಿಗಳಲ್ಲಿ ಪ್ರೋಗ್ರಾಂ ತಾನಾಗಿ ನಿಂತುಹೋಗುತ್ತಿದ್ದುದು ನೆನಪಾಗಿ, ಓಡುತ್ತಿರುವಾಗಲೇ ಯುಎಸ್‌ಬಿ ಪರಿವರ್ತಕವನ್ನು ಕಿತ್ತು ನೋಡಿದೆ. ಅದೇ ರೀತಿ ನಿಂತಿತು. ವೇರಿಯಬಲ್‌ನ ಬಗೆಯನ್ನು ಚಿಹ್ನೆಯುಳ್ಳ ಎಸ್‌ಸೈಜ್-ಟಿ ಎಂದು ಬದಲಿಸಿ, ದೋಷವನ್ನು ಪರೀಕ್ಷಿಸಿದ ಮೇಲಷ್ಟೇ ಸೈಜ್-ಟಿಗೆ ಪರಿವರ್ತಿಸುವಂತೆ ಮಾಡಿದೆ.

ನನಗೆ ಅತಿ ಹೆಚ್ಚು ಶ್ರಮ ಕೊಟ್ಟಿದ್ದು ವಿಟೈಮ್. ಸೀರಿಯಲ್ ಪೋರ್ಟ್‌ನ ಹೊಂದಿಕೆಗಳನ್ನು ಇಡುವ ಟರ್ಮಿಯೋಸ್ ರಚನೆಯಲ್ಲಿ, ಕನಿಷ್ಠ ಎಷ್ಟು ಬೈಟ್ ಬರಬೇಕೆಂದು ಹೇಳುವ ವಿಮಿನ್ ಸೊನ್ನೆಯಾಗಿದ್ದರೆ, ಸಂದೇಶಕ್ಕಾಗಿ ಎಷ್ಟು ಹೊತ್ತು ಕಾಯಬೇಕೆಂದು ಹೇಳುವುದು ವಿಟೈಮ್, ಸೆಕೆಂಡಿನ ಹತ್ತನೆಯ ಒಂದು ಭಾಗಗಳ ಲೆಕ್ಕದಲ್ಲಿ. 30 ಸೆಕೆಂಡ್ ಬೇಕೆಂದು ನಾನು 300ನ್ನು ಅದರಲ್ಲಿ ಇಟ್ಟಿದ್ದೆ. ಆ ಜಾಗ ಒಂದೇ ಬೈಟ್‌ನದು. ಅದರಲ್ಲಿ 255ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. 300ರಲ್ಲಿ 256 ಕಳೆದು ಉಳಿದ 44, ಅಂದರೆ 4.4 ಸೆಕೆಂಡ್ ಮಾತ್ರ ಪ್ರೋಗ್ರಾಂ ಕಾಯುತ್ತಿತ್ತು. 20 ಸೆಕೆಂಡಿಗೊಮ್ಮೆ ಬರುವ ಸಂದೇಶಕ್ಕೆ 4.4 ಸೆಕೆಂಡ್ ಕಾದು ಬಾಣೆಯಿಂದ ಉತ್ತರವಿಲ್ಲ ಎಂದು ಬರೆಯುತ್ತಿದ್ದ ಪ್ರೋಗ್ರಾಂ ಅನ್ನು ನಂಬಿ, ಜೂನ್‌ನಲ್ಲಿ ಎರಡು ಸಲ ಮಳೆಯಲ್ಲಿ ಬಾಣೆ ಹತ್ತಿ, ಜಿಗಣೆ ಕಚ್ಚಿಸಿಕೊಂಡು, ತಂತಿಯ ಜೋಡಣೆಗಳನ್ನೆಲ್ಲ ಬಿಚ್ಚಿ ಒರೆಸಿ ಕಟ್ಟಿದ್ದೆ. ತಂತಿಯಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಕಾಯುವ ಕೆಲಸವನ್ನು ಪೋಲ್ ಕರೆಗೆ ವಹಿಸಿದ್ದೇನೆ. ಅದು ಮಿಲಿಸೆಕೆಂಡ್‌ಗಳನ್ನು ಪೂರ್ಣ ಗಾತ್ರದ ಪೂರ್ಣಾಂಕದಲ್ಲಿಯೇ ಸ್ವೀಕರಿಸುತ್ತದೆ.

ಎಲ್ಲ ಎಚ್ಚರಿಕೆಗಳೂ ದೋಷಗಳಾಗಿರಲಿಲ್ಲ. ಪ್ರತಿ ಅಕ್ಷರಕ್ಕೆ ಎಷ್ಟು ಬಿಟ್ ಎಂದು ಹೇಳುವ ಸಿಸೈಜ್ ಬಿಟ್‌ಗಳನ್ನು ಅಳಿಸುವ ಸಾಲಿನಲ್ಲಿ -49 ಎಂಬುದು 4294967247 ಆಗುತ್ತಿದೆ ಎಂದು ಕಂಪೈಲರ್ ಹೇಳುತ್ತದೆ. ನಮಗೆ ಬೇಕಾದ ಬಿಟ್ ವಿನ್ಯಾಸ ಅದೇ ಆದ್ದರಿಂದ, ಸಿಸೈಜ್ ಅನ್ನು ಮೊದಲೇ ಚಿಹ್ನೆಯಿಲ್ಲದ ಟಿಸಿಫ್ಲ್ಯಾಗ್-ಟಿಗೆ ಪರಿವರ್ತಿಸಿ ಆಮೇಲೆ ಬಿಟ್‌ಗಳನ್ನು ತಿರುಗಿಸಿದರೆ (0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡಿದರೆ) ಸಾಕು. ಇಂಥವು ಹದಿನಾಲ್ಕು ಇದ್ದವು.

ಸಂದೇಶ ದಾರಿಯಲ್ಲಿ ಕೆಟ್ಟಿಲ್ಲವೇ ಎಂದು ನೋಡುವ ಪರೀಕ್ಷಾ ಮೊತ್ತದ ಸಾಲು ಬೇರೆ ರೀತಿಯದು. 8 ಬಿಟ್‌ನ ಮೊತ್ತ 60 ಆಗಿದ್ದರೆ ಅದರ ಬಿಟ್‌ಗಳನ್ನು ತಿರುಗಿಸಿದಾಗ 195 ಬರುತ್ತದೆ ಎಂದು ನಾವು ಎಣಿಸುತ್ತೇವೆ. ಸಿ ಭಾಷೆ ಲೆಕ್ಕಕ್ಕೆ ಮುಂಚೆ ಅದನ್ನು ಇಂಟ್ (ಚಿಹ್ನೆಯುಳ್ಳ ದೊಡ್ಡ ಪೂರ್ಣಾಂಕ) ಆಗಿ ಹಿಗ್ಗಿಸುವುದರಿಂದ ಬರುವುದು -61. ಬಂದ ಬೈಟ್ 195, ಹೋಲಿಸಿದ್ದು -61, ಆದ್ದರಿಂದ ಸರಿಯಾದ ಸಂದೇಶವೂ ತಿರಸ್ಕೃತವಾಗುತ್ತದೆ. ಮಾರ್ಚ್‌ನ ಕಾಸ್ಟ್‌ಗಳಲ್ಲಿ ಇದೊಂದು ಸರಿಯಾಗಿತ್ತು. ಅದನ್ನು ಕಾರಣ ಬರೆದ ಟಿಪ್ಪಣಿಯೊಂದಿಗೆ ಮರಳಿ ಹಾಕಿದೆ.

ಒಂದು ಬೈಟ್ ಹಿಡಿಯುವ ಚಾರ್ ಬಗೆಯನ್ನು ಇಡೀ ಪ್ರೋಗ್ರಾಂನಿಂದ ತೆಗೆದು, ಬಫರ್ ಅನ್ನು ಚಿಹ್ನೆಯಿಲ್ಲದ 8 ಬಿಟ್‌ಗಳದಾಗಿ ಮಾಡಿದೆ. ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್‌ನ ಇಂಟೆಲ್ ಪ್ರೊಸೆಸರ್‌ಗೆ ಚಾರ್ ಚಿಹ್ನೆಯುಳ್ಳದ್ದು, ರಾಸ್‌ಬೆರಿ ಪೈಯ ಆರ್ಮ್ ಪ್ರೊಸೆಸರ್‌ಗೆ ಚಿಹ್ನೆಯಿಲ್ಲದ್ದು. ಸಂದೇಶದ ಆರಂಭದ ಬೈಟ್ 170 ಲ್ಯಾಪ್‌ಟಾಪ್‌ನಲ್ಲಿ -86 ಎಂದು ಓದಿಕೊಂಡು ಎಂದೂ ಹೊಂದದೆ, ಪೈಯಲ್ಲಿ ಮಾತ್ರ ಹೊಂದುತ್ತಿದ್ದುದು ಇದರಿಂದಲೇ.

ಕೊನೆಗೆ ದಿನದ ಮೊತ್ತದ ಸಾಲಿಗೆ ಬಂದೆ. ಅಲ್ಲಿ ಕಾಸ್ಟ್ ಬೇಕೇ ಬೇಕು, ಆದರೆ 16 ಬಿಟ್‌ಗೆ. ಬಾಣೆಯ ಎಣಿಕೆ 65535 ದಾಟಿ ಸೊನ್ನೆಗೆ ಮರಳಿದಾಗ, ಹಿಂದಿನದು 65530, ಈಗಿನದು 4 ಎಂದಿರಲಿ. ಸಾಮಾನ್ಯ ವ್ಯವಕಲನ -65526 ಕೊಡುತ್ತದೆ, 16 ಬಿಟ್‌ಗೆ ಕತ್ತರಿಸಿದರೆ ಸರಿಯಾದ 10 ಬರುತ್ತದೆ.

ಇದೇ ಸಾಲಿನಲ್ಲಿ ಒಂದು ತೊಡಕು ಇನ್ನೂ ಉಳಿದಿದೆ. ಬ್ಯಾಟರಿ ಕುಸಿದು ಆರ್ಡುಯಿನೋ ಮರುಪ್ರಾರಂಭವಾದರೂ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಹಿಂದಿನದು 300 ಆಗಿದ್ದರೆ ಅದೇ ಲೆಕ್ಕ 65236 ಮಗುಚುವಿಕೆಗಳನ್ನು, ಅಂದರೆ ಹದಿಮೂರು ಮೀಟರ್ ಮಳೆಯನ್ನು ತೋರಿಸುತ್ತದೆ. ಇದನ್ನು ಯಾವ ಕಾಸ್ಟ್ ಕೂಡ ಬಗೆಹರಿಸದು. ಸಂದೇಶದಲ್ಲಿ ಖಾಲಿಯಿರುವ ಒಂದು ಬೈಟ್‌ನಲ್ಲಿ ಪ್ರತಿ ಮರುಪ್ರಾರಂಭಕ್ಕೆ ಬದಲಾಗುವ ಸಂಖ್ಯೆಯನ್ನು ಕಳುಹಿಸಬೇಕು. ಬಾಣೆಯ ಪೆಟ್ಟಿಗೆ ತೆರೆಯಲು ಮಳೆ ಬಿಡುವು ಕೊಡುವ ದಿನಕ್ಕೆ ಕಾಯುತ್ತಿದ್ದೇನೆ.

ಇಂದಿನ ಸ್ಥಿತಿ: ಎಚ್ಚರಿಕೆ ಸೊನ್ನೆ, ಉಳಿಸಿಕೊಂಡ ಕಾಸ್ಟ್‌ಗಳು ಹತ್ತೊಂಬತ್ತು, ಪ್ರತಿಯೊಂದರ ಪಕ್ಕದಲ್ಲೂ ಒಂದು ಸಾಲಿನ ಕಾರಣವಿದೆ. ಬೆಳಿಗ್ಗೆ ಅಪ್ಪನ ಪುಸ್ತಕದಲ್ಲಿ 3 ಇಂಚು 27 ಸೆಂಟ್, ಪರದೆಯಲ್ಲಿ 83.0 ಮಿಲಿಮೀಟರ್.